ಲಿಪಿಫಲಕಗಳಲ್ಲಿ ಅಕ್ಷರಸ್ಥಾಪನೆ: ವೆಕ್ಟರ್ ಚಿತ್ರಸಾಧನಗಳ ಬಳಕೆಯ ವಿಮರ್ಶೆ

ಹಸ್ತಪ್ರತಿಗಳನ್ನಾಧರಿಸಿದ ಶಾಸ್ತ್ರೀಯ ಸಂಪಾದನೆಗಳಲ್ಲಿ ಪೀಠಿಕೆಯೊಡನೆ ಒಂದೆರಡು ಲಿಪಿಫಲಕಗಳನ್ನು ಕೊಡುವ ಸಂಪ್ರದಾಯ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪ್ರತಿಯ ಅಕ್ಷರಗಳ ಸ್ವರೂಪವೇನು, ಸಂಪಾದಕನು ಅವನ್ನು ಹೇಗೆ ಓದಿದ್ದಾನೆ, ಆ ಓದು ಎಷ್ಟರಮಟ್ಟಿಗೆ ಗ್ರಾಹ್ಯ ಎಂಬುದನ್ನು ನಿರ್ಣಯಿಸಲು, ಪ್ರತಿಯನ್ನು ಕಣ್ಣಾರೆ ಕಾಣದ ವಿದ್ವಾಂಸನಿಗೆ ದೊರೆಯುವ ಸಾಧನ ಬಹುಮಟ್ಟಿಗೆ ಈ ಫಲಕವೊಂದೇ. ಹಿಂದೆ ತೆಳುಕಾಗದವನ್ನಿಟ್ಟು ಕೈಯಿಂದ ರೇಖೆಗಳನ್ನೆತ್ತಿ, ಬ್ಲಾಕು ಮಾಡಿಸಿ, ಅಚ್ಚುಹಾಕಿಸುತ್ತಿದ್ದರು. ಈಗ ಆ ಕೆಲಸ ಗಣಕಯಂತ್ರದ ವೆಕ್ಟರ್ ಚಿತ್ರಸಾಧನಗಳಿಗೆ ಸಂದಿದೆ. ಕೆಲಸ ಹಗುರವಾಯಿತು, ಫಲಕಗಳು ಅಂದವಾದವು, ಇದರಲ್ಲಿ ಸಂಶಯವಿಲ್ಲ. ಆದರೆ ಅಂದವಾದ ಫಲಕವು ಪ್ರಮಾಣಭೂತವಾದ ಫಲಕವೇ ಎಂಬ ಪ್ರಶ್ನೆಯನ್ನು ನಾವು ಇನ್ನೂ ಸಾಕಷ್ಟು ಕೇಳಿಕೊಂಡಂತಿಲ್ಲ. ಆ ಪ್ರಶ್ನೆಯನ್ನು ವಿದ್ವಾಂಸರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಾಧನದ ಸ್ವರೂಪವನ್ನು ತಿಳಿಯಬೇಕು. ಛಾಯಾಚಿತ್ರವು ಸಾವಿರಾರು ಬಣ್ಣದ ಚುಕ್ಕೆಗಳ ಸಮೂಹ. ವೆಕ್ಟರ್ ಚಿತ್ರವು ಹಾಗಲ್ಲ. ಅದು ಕೆಲವು ಬಿಂದುಗಳನ್ನೂ ಅವುಗಳ ನಡುವಣ ವಕ್ರರೇಖೆಗಳನ್ನೂ ಗಣಿತಸೂತ್ರದಿಂದ ಹೇಳುವ ಚಿತ್ರ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ೧೯೮೭ರಲ್ಲಿ ಇಲ್ಲಸ್ಟ್ರೇಟರ್, ೧೯೮೯ರಲ್ಲಿ ಕೋರೆಲ್‌ಡ್ರಾ ಬಳಕೆಗೆ ಬಂದವು. ೨೦೦೧ರಲ್ಲಿ ಎಸ್.ವಿ.ಜಿ. ಎಂಬ ಮುಕ್ತ ಮಾದರಿ ಅಂಗೀಕೃತವಾಯಿತು. ಅದನ್ನು ಆಧಾರವಾಗಿಟ್ಟುಕೊಂಡ ಇಂಕ್‌ಸ್ಕೇಪ್ ಎಂಬ ಉಚಿತ ಸಾಧನ ೨೦೦೩ರಲ್ಲಿ ಆರಂಭಗೊಂಡಿತು. ಸಂಶೋಧನ ಸಂಸ್ಥೆಗಳ ಮಿತವಾದ ಆದಾಯಕ್ಕೆ ಈ ಕೊನೆಯದೇ ಹೆಚ್ಚು ಒಗ್ಗುವಂಥದು.

ಈ ಸಾಧನಗಳಲ್ಲೆಲ್ಲ ಅಕ್ಷರಕ್ಕೆ ಎರಡು ಅವಸ್ಥೆಗಳುಂಟು. ಒಂದು, ಪಾಠಾವಸ್ಥೆ. ಇಲ್ಲಿ ಕಡತದೊಳಗೆ ಉಳಿಯುವುದು ಅಕ್ಷರದ ಸಂಕೇತಸಂಖ್ಯೆಯೂ ಫಾಂಟಿನ ಹೆಸರೂ ಮಾತ್ರ. ಕಾಣುವ ಆಕಾರವು ಆ ಯಂತ್ರದಲ್ಲಿರುವ ಫಾಂಟಿನಿಂದ ಬರತಕ್ಕದ್ದು. ಇನ್ನೊಂದು, ರೇಖಾವಸ್ಥೆ. ‘ಪಾಠವನ್ನು ರೇಖೆಯಾಗಿಸು’ ಎಂಬ ಆದೇಶ ಕೊಟ್ಟೊಡನೆ ಫಾಂಟಿನ ಸಂಬಂಧ ಕಡಿದುಹೋಗಿ ಅಕ್ಷರವು ಕೇವಲ ಬಿಂದುರೇಖೆಗಳ ಆಕೃತಿಯಾಗುತ್ತದೆ. ಛಾಯಾಚಿತ್ರದ ಮೇಲೆ ಕೈಯಿಂದಲೋ ಯಂತ್ರದಿಂದಲೋ ಅನುರೇಖನ ಮಾಡಿದ ಅಕ್ಷರವೂ ಈ ಎರಡನೆಯ ವರ್ಗಕ್ಕೇ ಸೇರತಕ್ಕದ್ದು. ಈ ಎರಡು ಅವಸ್ಥೆಗಳ ಗುಣದೋಷಗಳನ್ನು ಬೇರೆಬೇರೆಯಾಗಿ ಪರಿಶೀಲಿಸೋಣ.

ಪಾಠಾವಸ್ಥೆಯ ಗುಣ ಸ್ಪಷ್ಟ. ಅಕ್ಷರವನ್ನು ಹುಡುಕಬಹುದು, ತಿದ್ದಬಹುದು, ಪದಸೂಚಿಗೆ ಎತ್ತಿಕೊಳ್ಳಬಹುದು. ದೋಷವೆಂದರೆ ಅದರ ಪರಾಧೀನತೆ. ಎಸ್.ವಿ.ಜಿ. ಕಡತವು ಸಾಮಾನ್ಯವಾಗಿ ಫಾಂಟನ್ನು ಒಡಲಲ್ಲಿಟ್ಟುಕೊಂಡಿರುವುದಿಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಬೇರೊಂದು ಫಾಂಟು ತಾನೇ ಬಂದು ಕೂರುತ್ತದೆ. ಆಧುನಿಕ ಗದ್ಯಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಹಳಗನ್ನಡಕ್ಕೆ ಮಾತ್ರ ಬಹಳ ಹಾನಿ. ಕೇಶಿರಾಜನು ರಳ, ಕುಳ, ಕ್ಷಳಗಳ ವಿವೇಕವನ್ನು ಎಷ್ಟು ಶ್ರದ್ಧೆಯಿಂದ ನಿರೂಪಿಸಿದ್ದಾನೆಂಬುದು ಎಲ್ಲರೂ ಬಲ್ಲ ವಿಷಯ. ಅೞಿ ಎಂದರೆ ನಾಶವಾಗು, ಅಳಿ ಎಂದರೆ ದುಂಬಿ. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ. ಈ ಭೇದವನ್ನು ತೋರುವ ೞಕಾರವು ಎಲ್ಲ ಫಾಂಟುಗಳಲ್ಲಿ ಇರುವುದಿಲ್ಲ. ಇಲ್ಲದಲ್ಲಿ ಖಾಲಿ ಚೌಕವೊಂದು ಕಾಣುತ್ತದೆ, ಇಲ್ಲವೆ ಬೇರೆ ಫಾಂಟಿನ ೞಕಾರ ಬೇರೆಯದೇ ದಪ್ಪದಲ್ಲಿ ಬಂದು ಸೇರುತ್ತದೆ.

ಯುನಿಕೋಡ್ ಸಂಕೇತಪದ್ಧತಿಯಲ್ಲಿ ಈ ಅಕ್ಷರದ ಪಾಡು ಸ್ವಾರಸ್ಯವಾಗಿದೆ. ದಶಮಾನ ಗಣನೆಯ ೩೨೯೪ನೆಯ ಸ್ಥಾನದಲ್ಲಿ ಅದಕ್ಕೆ ಎಡೆಯೇನೋ ದೊರೆತಿದೆ. ಆದರೆ ಹೆಸರನ್ನು ಮಾತ್ರ ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರವೆಂಬಂತೆ ತಪ್ಪಾಗಿ ಕೊಡಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪದ್ಧತಿಯ ನಿಯಮವಾದುದರಿಂದ, ಹೆಸರು ತಪ್ಪೆಂಬ ಟಿಪ್ಪಣಿಯನ್ನಷ್ಟೇ ಸೇರಿಸಿ ಕೈಬಿಟ್ಟಿದ್ದಾರೆ. ಹೆಸರನ್ನು ನಂಬಿ ಅಕ್ಷರವನ್ನು ಹುಡುಕುವವನಿಗೆ ೞಕಾರ ಸಿಕ್ಕುವುದಿಲ್ಲ. ಗ್ರಂಥಾರಂಭದಲ್ಲಿ ಬರೆಯುವ ಸಿದ್ಧಂ ಚಿಹ್ನೆಯಂತೂ ಕನ್ನಡದ ವಿಭಾಗಕ್ಕೆ ಸೇರಿದ್ದು ೨೦೧೮ರಲ್ಲಿ. ಅದಕ್ಕೆ ಹಿಂದಿನ ಫಾಂಟುಗಳಲ್ಲಿ ಅದು ಇರುವ ಸಂಭವವೇ ಇಲ್ಲ. ಆದುದರಿಂದ ಹಲವರು ಅದನ್ನು ಚಿತ್ರವಾಗಿ ಬರೆದು ಪಂಕ್ತಿಯ ಮೊದಲಲ್ಲಿ ಅಂಟಿಸುತ್ತಾರೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಪಾಠದಲ್ಲಿ ಮಾತ್ರ ಚಿಹ್ನೆ ಇಲ್ಲ.

ರೇಫೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ರಕಾರ, ಹಲಂತ, ಯಕಾರಗಳನ್ನು ಕ್ರಮವಾಗಿ ಒತ್ತಿದರೆ ಇಂದಿನ ಫಾಂಟುಗಳು ‘ಸೂರ್ಯ’ ಎಂದು ಅರ್ಕಾವತ್ತಿನಿಂದಲೇ ತೋರಿಸುತ್ತವೆ. ಪ್ರತಿಯಲ್ಲಿ ರಕಾರವನ್ನು ಪೂರ್ಣವಾಗಿ ಬರೆದು ಕೆಳಗೆ ಒತ್ತು ಕೊಟ್ಟಿದ್ದರೆ, ‘ಸೂರ‍್ಯ’ ಎಂದು ತೋರಿಸಲು ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡಬೇಕು. ಇದನ್ನರಿಯದ ಸಂಪಾದಕನು ಲಿಪಿಕಾರನ ರೂಢಿಯನ್ನು ತನಗೆ ತಿಳಿಯದೆಯೇ ತಿದ್ದಿಬಿಡುತ್ತಾನೆ. ಅಲ್ಲದೆ, ಒತ್ತಕ್ಷರಗಳನ್ನು ಕೂಡಿಸುವ ಕೆಲಸವನ್ನು ಎಲ್ಲ ಸಾಧನಗಳೂ ಒಂದೇ ಬಗೆಯಲ್ಲಿ ಮಾಡುವುದಿಲ್ಲ. ಇಲ್ಲಸ್ಟ್ರೇಟರಿನಲ್ಲಿ ಭಾರತೀಯ ಲಿಪಿಗಳಿಗೆ ಒಪ್ಪುವ ಪಂಕ್ತಿಜೋಡಣೆಯ ವಿಧಾನವನ್ನು ಆಯ್ದುಕೊಳ್ಳದಿದ್ದರೆ ಸಂಯುಕ್ತಾಕ್ಷರಗಳು ಬಿಡಿಬಿಡಿಯಾಗಿ ಕಾಣಿಸಿಕೊಳ್ಳುತ್ತವೆ.

ನಮ್ಮ ಮುದ್ರಣಾಲಯಗಳಲ್ಲಿ ಬಹುಕಾಲ ರೂಢವಾಗಿದ್ದು ಇಂದಿಗೂ ಅಲ್ಲಲ್ಲಿ ಉಳಿದಿರುವ ಹಳೆಯ ಮಾದರಿಯ ಕನ್ನಡ ಫಾಂಟುಗಳ ಕಥೆಯೇ ಬೇರೆ. ಅವು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಇಟ್ಟುಕೊಂಡು, ಹಿಂದಿನ ಅಚ್ಚುಮೊಳೆಗಳಂತೆ ಜೋಡಿಸಿ ಅಕ್ಷರವನ್ನು ಕಟ್ಟುತ್ತವೆ. ಫಾಂಟು ತಪ್ಪಿದ ಕ್ಷಣವೇ ಪಂಕ್ತಿಯೆಲ್ಲ ರೋಮನ್ ಚಿಹ್ನೆಗಳ ರಾಶಿಯಾಗುತ್ತದೆ. ಅಂಥ ಕಡತದಲ್ಲಿರುವುದು ಕನ್ನಡ ಪಾಠವೆಂದು ಹೇಳುವುದೇ ಕಷ್ಟ.

ಇಲ್ಲಿ ಸ್ವಾನುಭವದ ಒಂದು ಸಂಗತಿಯನ್ನು ನಿವೇದಿಸಿದರೆ ಅಪ್ರಸ್ತುತವಾಗದು. ಕೆಲವು ವರ್ಷಗಳ ಹಿಂದೆ ಓಲೆಗರಿಯೊಂದರಲ್ಲಿ ೞಕಾರವು ಎಲ್ಲೆಲ್ಲಿ ಉಳಿದುಕೊಂಡಿದೆ, ಎಲ್ಲೆಲ್ಲಿ ಳಕಾರವಾಗಿದೆ ಎಂಬುದನ್ನು ತೋರಿಸಲು ಫಲಕವೊಂದನ್ನು ಸಿದ್ಧಪಡಿಸಿ ಅಚ್ಚಿಗೆ ಕಳುಹಿಸಿದ್ದೆ. ಅಚ್ಚಿನ ಮನೆಯ ಯಂತ್ರದಲ್ಲಿ ನನ್ನ ಫಾಂಟು ಇರಲಿಲ್ಲ. ೞಕಾರವಿದ್ದೆಡೆಯೆಲ್ಲ ಖಾಲಿ ಚೌಕಗಳು ಕಂಡವು. ಅಲ್ಲಿನ ಅಕ್ಷರಜೋಡಣೆಯವರು ಸದುದ್ದೇಶದಿಂದಲೇ ಅವುಗಳ ಜಾಗದಲ್ಲಿ ಳಕಾರವನ್ನಿಟ್ಟು ಪಂಕ್ತಿಗಳನ್ನು ‘ಸರಿಪಡಿಸಿದರು’. ಲೇಖನವು ಯಾವುದನ್ನು ಸಾಧಿಸಹೊರಟಿತ್ತೋ ಅದನ್ನು ಫಲಕವೇ ನಿರಾಕರಿಸುವಂತಾಯಿತು. ಕರಡು ನೋಡುವಾಗ ಫಲಕವನ್ನು ಚಿತ್ರವೆಂದು ಬಗೆದು ಓದದೆ ಬಿಟ್ಟದ್ದು ನನ್ನದೇ ಪ್ರಮಾದ. ಹಿಂದಿನ ಲಿಪಿಕಾರರು ತಮಗೆ ತಿಳಿಯದ ಅಕ್ಷರಕ್ಕೆ ತಿಳಿದ ಅಕ್ಷರವನ್ನಿಟ್ಟು ಪಾಠಾಂತರಗಳನ್ನು ಹುಟ್ಟಿಸಿದ ಬಗೆ ಇದಕ್ಕಿಂತ ಬೇರೆಯೇನಲ್ಲ.

ಇಂಥ ಅವಘಡಕ್ಕೆ ಪರಿಹಾರವೆಂದು ಮುದ್ರಕರು ಸೂಚಿಸುವುದು ಎರಡನೆಯ ಅವಸ್ಥೆಯನ್ನು: ಎಲ್ಲವನ್ನೂ ರೇಖೆಯಾಗಿಸಿ ಕೊಡಿ ಎನ್ನುತ್ತಾರೆ. ಆಕಾರವು ಇದರಿಂದ ಸ್ಥಿರವಾಗುವುದು ದಿಟ. ಯಾವ ಯಂತ್ರದಲ್ಲಿ ತೆರೆದರೂ ೞಕಾರ ೞಕಾರವಾಗಿಯೇ ಉಳಿಯುತ್ತದೆ. ಆದರೆ ಆ ಬಳಿಕ ಅದು ಅಕ್ಷರವಲ್ಲ, ಅಕ್ಷರದ ಚಿತ್ರ. ಅದನ್ನು ಹುಡುಕಲಾಗದು, ತಪ್ಪಿದ್ದರೆ ಒತ್ತಿ ತಿದ್ದಲಾಗದು, ಪುನಃ ಬರೆಯಬೇಕು. ಇಂಕ್‌ಸ್ಕೇಪಿನ ಇತ್ತೀಚಿನ ಆವೃತ್ತಿಗಳು ಮೂಲಪಾಠವನ್ನು ರೇಖಾಸಮೂಹಕ್ಕೆ ಅಂಟಿಸಿದ ಹಣೆಪಟ್ಟಿಯಂತೆ ಕಡತದೊಳಗೆ ಉಳಿಸುತ್ತವೆಂಬುದು ನಿಜ. ಅಚ್ಚಾದ ಪುಟದಲ್ಲಿ ಅದರಿಂದ ಓದುಗನಿಗೆ ಪ್ರಯೋಜನವಿಲ್ಲ. ಪಿ.ಡಿ.ಎಫ್. ಆಗಿ ಹೊರತೆಗೆಯುವಾಗ ಫಾಂಟನ್ನು ಒಳಗೆ ಸೇರಿಸುವ ಮಾರ್ಗವೂ ಉಂಟು. ಆಗ ಆಕಾರವು ಕೆಡುವುದಿಲ್ಲ. ಆದರೆ ಅಂಥ ಕಡತದಿಂದ ಕನ್ನಡ ಪಾಠವನ್ನು ಎತ್ತಿಕೊಳ್ಳಹೋದರೆ ಒತ್ತಕ್ಷರಗಳೂ ಸ್ವರಚಿಹ್ನೆಗಳೂ ಹಲವೊಮ್ಮೆ ಅಸ್ತವ್ಯಸ್ತವಾಗಿ ಬರುತ್ತವೆ.

ಇನ್ನು ಯಾಂತ್ರಿಕ ಅನುರೇಖನದ ವಿಚಾರ. ಇಂಕ್‌ಸ್ಕೇಪಿನಲ್ಲಿ ಪೋಟ್ರೇಸ್ ಎಂಬ ತಂತ್ರಾಂಶದ ಮೂಲಕ ಛಾಯಾಚಿತ್ರವನ್ನು ಒಮ್ಮೆಗೇ ರೇಖೆಗಳನ್ನಾಗಿ ಪರಿವರ್ತಿಸಬಹುದು. ಯಂತ್ರವು ಪಕ್ಷಪಾತವಿಲ್ಲದ್ದು, ಆದುದರಿಂದ ಅದರ ಅನುರೇಖನವು ಮನುಷ್ಯಹಸ್ತಕ್ಕಿಂತ ಪ್ರಮಾಣ ಎಂಬ ಮಾತನ್ನು ನಮ್ಮ ನಡುವೆಯೂ ಕೇಳುತ್ತೇವೆ. ಈ ವಾದ ನಿಲ್ಲುವುದಿಲ್ಲ. ಯಂತ್ರವು ಮೂರು ನಿರ್ಣಯಗಳನ್ನು ಕೈಗೊಳ್ಳುತ್ತದೆ. ಎಷ್ಟು ಕಪ್ಪಾದುದನ್ನು ರೇಖೆಯೆಂದು ಎಣಿಸಬೇಕು ಎಂಬುದು ಮೊದಲನೆಯದು. ದಕ್ಷಿಣದ ಓಲೆಗರಿಗಳಲ್ಲಿ ಅಕ್ಷರಗಳು ಸಾಮಾನ್ಯವಾಗಿ ಕಂಟದಿಂದ ಕೊರೆದವು. ಬಳಿಕ ಮಸಿ ತೊಡೆದು ಎದ್ದುಕಾಣುವಂತೆ ಮಾಡಿದವು. ಮಸಿ ಅಳಿದು ಗೀರು ಮಾತ್ರ ಉಳಿದ ಅಕ್ಷರವು ಯಂತ್ರಕ್ಕೆ ಇಲ್ಲವೇ ಇಲ್ಲ. ಹುಳು ಕೊರೆದ ತೂತು, ಗರಿಯ ನರದ ನೆರಳು ಅಕ್ಷರವಾಗಿಬಿಡುತ್ತವೆ. ಎಷ್ಟು ಚಿಕ್ಕ ಚುಕ್ಕೆಯನ್ನು ಕಸವೆಂದು ತೆಗೆಯಬೇಕು ಎಂಬುದು ಎರಡನೆಯದು. ಈ ಮಿತಿಯನ್ನು ಏರಿಸಿದಂತೆ ಫಲಕವು ಶುಭ್ರವಾಗುತ್ತದೆ. ಆದರೆ ಲಿಪಿಕಾರನು ತಪ್ಪಿದ ಅಕ್ಷರವನ್ನು ರದ್ದುಪಡಿಸಲು ಇಟ್ಟ ಬಿಂದುಗಳು ಮೊದಲು ಹೋಗುತ್ತವೆ, ಸಣ್ಣದಾಗಿ ಬರೆದ ಸೊನ್ನೆಗಳು ಬಳಿಕ ಹೋಗುತ್ತವೆ. ‘ಅರಸಂ’ ಎಂಬುದು ‘ಅರಸ’ ಎಂದಾದರೆ ವಿಭಕ್ತಿಯೇ ಬದಲಾಯಿತು. ಮೂರನೆಯದು, ಮೂಲೆಗಳನ್ನು ಎಷ್ಟು ನಯಗೊಳಿಸಬೇಕು ಎಂಬುದು. ದಕಾರ ಧಕಾರಗಳ, ಪಕಾರ ಫಕಾರಗಳ ಭೇದವು ಒಂದು ಸಣ್ಣ ಗೀರನ್ನು ಅವಲಂಬಿಸಿರುವ ಲಿಪಿಯಲ್ಲಿ ಈ ನಯಗಾರಿಕೆ ಎಷ್ಟು ಅಪಾಯಕರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಮೂರು ಮಿತಿಗಳನ್ನೂ ಯಾರೋ ಒಬ್ಬರು ಗೊತ್ತುಪಡಿಸಿರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ತಂತ್ರಾಂಶವೇ ಇಟ್ಟ ಅಂಕಿಗಳು ಹಾಗೆಯೇ ಉಳಿದಿರುತ್ತವೆ. ಸಂಪಾದಕನು ಮಾಡಬೇಕಾದ ನಿರ್ಣಯವನ್ನು ಯಾರೂ ಮಾಡಲಿಲ್ಲ ಎಂಬುದೇ ಯಂತ್ರದ ನಿಷ್ಪಕ್ಷಪಾತದ ಅರ್ಥ.

ಕೈಯಿಂದ ಮಾಡುವ ಅನುರೇಖನದಲ್ಲಿಯೂ ಸಾಧನದ ಸೌಲಭ್ಯವೇ ಮುಳುವಾಗುವುದುಂಟು. ಒಂದು ಕಕಾರವನ್ನು ಚೆನ್ನಾಗಿ ಬರೆದಮೇಲೆ ಪ್ರತಿಯಲ್ಲಿ ಕಕಾರ ಬಂದೆಡೆಯೆಲ್ಲ ಅದನ್ನೇ ನಕಲು ಮಾಡಿ ಕೂರಿಸುವ ಚಾಪಲ ಸಹಜ. ಹಾಗೆ ಮಾಡಿದ ಫಲಕದಲ್ಲಿ ಲಿಪಿಕಾರನ ಕೈ ಎಂದೂ ಅಲುಗದಂತೆ ತೋರುತ್ತದೆ. ಎರಡು ಕೈಗಳ ಬರಹವಿದ್ದರೂ ಒಂದೇ ಆಗಿ ಕಾಣುತ್ತದೆ. ಅನುರೇಖನದ ಅಕ್ಷರಗಳಿಂದಲೇ ಫಾಂಟೊಂದನ್ನು ರಚಿಸಿ ಇಡೀ ಗರಿಯನ್ನು ಅದರಲ್ಲಿ ಒತ್ತುವುದು ಈ ದೋಷದ ಪರಾಕಾಷ್ಠೆ. ಫಾಂಟಿನಲ್ಲಿ ಒಂದು ಸಂಕೇತಕ್ಕೆ ಸಾಮಾನ್ಯವಾಗಿ ಒಂದೇ ಆಕಾರ, ಪ್ರತಿಯಲ್ಲಿ ಹಾಗಲ್ಲ. ಅಂಥ ಫಾಂಟು ಮುಖಪುಟಕ್ಕೆ ಶೋಭೆ ತಂದೀತು, ಪ್ರಮಾಣಕ್ಕೆ ಒದಗದು. ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ ಕಾಲದ ಅಕ್ಷರಗಳನ್ನು ಒಂದೇ ದಪ್ಪದ ರೇಖೆಯಿಂದ ಬರೆದು ಸಾಲಾಗಿ ನಿಲ್ಲಿಸುವ ಲಿಪಿವಿಕಾಸದ ಪಟ್ಟಿಕೆಗಳಿಗೂ ಈ ಮಾತು ಸಲ್ಲುತ್ತದೆ. ಕಲ್ಲಿನ ಉಳಿಯ ಗುರುತೂ ಗರಿಯ ಕಂಟದ ಗುರುತೂ ಅಲ್ಲಿ ಏಕರೂಪವಾಗಿಬಿಡುತ್ತವೆ.

ಹಾಗಾದರೆ ಯಾವ ಅವಸ್ಥೆ ಗ್ರಾಹ್ಯ, ಯಾವುದು ತ್ಯಾಜ್ಯ? ಪ್ರಶ್ನೆಯನ್ನು ಹೀಗೆ ಕೇಳುವುದೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇದಕ್ಕೆ ಬೇಕಾದ ವಿವೇಕವು ನಮ್ಮ ಶಾಸ್ತ್ರದಲ್ಲಿಯೇ ಇದೆ. ವೀರಸೇನಾಚಾರ್ಯರು ಧವಳಾಟೀಕೆಯಲ್ಲಿ ಅಕ್ಷರವನ್ನು ಲಬ್ಧ್ಯಕ್ಷರ, ನಿರ್ವೃತ್ತ್ಯಕ್ಷರ, ಸಂಸ್ಥಾನಾಕ್ಷರ ಎಂದು ಮೂರಾಗಿ ವಿಂಗಡಿಸಿ, ಕೊನೆಯದಕ್ಕೆ ಸ್ಥಾಪನಾಕ್ಷರವೆಂಬ ಹೆಸರನ್ನೂ ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ‘ಇದು ಆ ಅಕ್ಷರ’ ಎಂಬ ಅಭೇದಬುದ್ಧಿಯಿಂದ ಸ್ಥಾಪಿತವಾದುದು ಅದು. ಬರೆದ ರೇಖೆಯೂ ಅದರಲ್ಲಿಯೇ ಅಡಕ. ನಿಕ್ಷೇಪವಿಚಾರದಲ್ಲಿ ಸ್ಥಾಪನೆಯು ತದಾಕಾರ, ಅತದಾಕಾರ ಎಂದು ಎರಡು ಬಗೆ. ಜಿನಬಿಂಬವು ತದಾಕಾರ ಸ್ಥಾಪನೆ; ಚದುರಂಗದ ಕಾಯಿಯನ್ನು ಆನೆಯೆನ್ನುವುದು ಅತದಾಕಾರ ಸ್ಥಾಪನೆ. ಎರಡೂ ತಮ್ಮತಮ್ಮ ನೆಲೆಯಲ್ಲಿ ಸಾಧುವೇ. ಕಾಯಿಯನ್ನು ನೋಡಿ ಆನೆಯ ಸೊಂಡಿಲು ಹೀಗಿರುತ್ತದೆಂದು ವರ್ಣಿಸಹೊರಟರೆ ಮಾತ್ರ ಅಸಾಧು.

ಪ್ರಕೃತಕ್ಕೆ ಅನ್ವಯಿಸಿದರೆ, ಪ್ರತಿಯ ಅಕ್ಷರಕ್ಕೆ ಬದಲಾಗಿ ಫಾಂಟಿನಲ್ಲಿ ಒತ್ತಿದ ಅಕ್ಷರವು ಅತದಾಕಾರ ಸ್ಥಾಪನೆ. ಅದು ‘ನಾನು ಇದನ್ನು ಹೀಗೆ ಓದಿದೆ’ ಎಂದು ಹೇಳುತ್ತದೆ. ಛಾಯಾಚಿತ್ರದ ಮೇಲೆ ಎತ್ತಿದ ರೇಖೆಯು ತದಾಕಾರ ಸ್ಥಾಪನೆ. ಅದು ‘ಪ್ರತಿಯಲ್ಲಿ ನನಗೆ ಇದು ಕಂಡಿತು’ ಎಂದು ಹೇಳುತ್ತದೆ. ಫಾಂಟಿನ ಅಕ್ಷರವನ್ನು ರೇಖೆಯಾಗಿಸಿದ ಮಾತ್ರಕ್ಕೆ ಅದು ತದಾಕಾರವಾಗುವುದಿಲ್ಲ, ಅತದಾಕಾರವೇ ಘನೀಭೂತವಾಯಿತಷ್ಟೆ. ನಮ್ಮ ಇಂದಿನ ಫಲಕಗಳ ಮುಖ್ಯ ದೋಷ ಇಲ್ಲಿದೆ. ಅಚ್ಚಾದ ಪುಟದಲ್ಲಿ ಎರಡೂ ಒಂದೇ ಕಪ್ಪಿನಲ್ಲಿ, ಒಂದೇ ನಯದಲ್ಲಿ, ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಯಾವುದು ಕಂಡದ್ದು, ಯಾವುದು ಓದಿದ್ದು, ಯಾವುದು ಊಹಿಸಿ ತುಂಬಿದ್ದು ಎಂಬುದು ಓದುಗನಿಗೆ ತಿಳಿಯದು. ಹಳೆಯ ಕೈಫಲಕಗಳಲ್ಲಿ ಸಂಪಾದಕನ ಕೈ ನಡುಗಿದ್ದಾದರೂ ಕಾಣುತ್ತಿತ್ತು. ಅದು ಎಚ್ಚರಿಕೆಯ ಗುರುತಾಗಿತ್ತು.

ಇಷ್ಟೆಲ್ಲ ಏಕೆ, ಛಾಯಾಚಿತ್ರವನ್ನೇ ಕೊಟ್ಟರೆ ಸಾಲದೇ ಎಂದು ಕೆಲವರು ಆಕ್ಷೇಪಿಸಬಹುದು. ಛಾಯಾಚಿತ್ರವು ಅವಶ್ಯ, ಆದರೆ ಮಸಿಯಳಿದ ಗರಿಯನ್ನು ಓರೆಬೆಳಕಿನಲ್ಲಿ ತಿರುಗಿಸಿ ನೋಡಿದ ಕಣ್ಣಿಗೆ ಕಂಡದ್ದು ಒಂದೇ ಛಾಯಾಚಿತ್ರದಲ್ಲಿ ಬಾರದು. ಅನುರೇಖನವು ಓದಿದವನ ಸಾಕ್ಷ್ಯ. ಸಾಕ್ಷಿಯನ್ನು ಬಿಡಬೇಕಾಗಿಲ್ಲ, ಅದನ್ನು ಪರೀಕ್ಷಿಸಲು ಎಡೆಯಿರಬೇಕು. ಇನ್ನು, ಇದೆಲ್ಲ ಮುದ್ರಕರ ಕೆಲಸ, ವಿದ್ವಾಂಸರದಲ್ಲ ಎಂಬ ಆಕ್ಷೇಪಕ್ಕೆ ಧವಳಗ್ರಂಥದ ಚರಿತ್ರೆಯೇ ಉತ್ತರ. ಮೂಡಬಿದಿರೆಯ ಗರಿಗಳಿಂದ ಕನ್ನಡಕ್ಕೂ ನಾಗರಿಗೂ ಪ್ರತಿಗಳಾಗಿ, ಆ ಪ್ರತಿಗಳ ಪ್ರತಿಗಳನ್ನು ಆಧರಿಸಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ೧೯೩೯ರಲ್ಲಿ ಹೊರಬಂದಿತು. ಮುಂದೆ ಮೂಡಬಿದಿರೆಯ ಮೂಲದೊಡನೆ ಹೋಲಿಸಿ ನೋಡುವ ಅವಕಾಶ ಒದಗಿದಾಗ ಪಾಠಗಳನ್ನು ತಿದ್ದಲು ಸಾಧ್ಯವಾಯಿತು. ಸಾಧ್ಯವಾದದ್ದು ಏಕೆಂದರೆ ಮೂಲವು ಉಳಿದಿತ್ತು. ಪ್ರತಿಯು ತಾನು ಪ್ರತಿಯೆಂಬುದನ್ನು ಮರೆಮಾಚಿರಲಿಲ್ಲ. ಇಂದು ನಾವು ಮಾಡುವ ಫಲಕಗಳೂ ಪ್ರತಿಗಳೇ. ಎಷ್ಟೋ ಗರಿಗಳು ನಮ್ಮ ಕಣ್ಣೆದುರೇ ಪುಡಿಯಾಗುತ್ತಿವೆ. ನಾಳೆ ಗರಿ ಇಲ್ಲದೆ ಫಲಕವೊಂದೇ ಉಳಿದರೆ, ಅದರ ಮಾತನ್ನು ಎಷ್ಟು ನಂಬಬಹುದೆಂದು ಅದೇ ಹೇಳುವಂತಿರಬೇಕು.

ಕಡೆಯದಾಗಿ ಕೆಲವು ಸೂಚನೆಗಳು. ವೆಕ್ಟರ್ ಸಾಧನಗಳಲ್ಲಿ ಒಂದರ ಮೇಲೊಂದು ಪದರಗಳನ್ನು ಇಡಬಹುದಾದುದರಿಂದ, ತಳದಲ್ಲಿ ಛಾಯಾಚಿತ್ರ, ಅದರ ಮೇಲೆ ಅನುರೇಖನ, ಮೇಲ್ತುದಿಯಲ್ಲಿ ಯುನಿಕೋಡ್ ಪಾಠ, ಹೀಗೆ ಮೂರನ್ನೂ ಒಂದೇ ಕಡತದಲ್ಲಿ ಬೇರೆಬೇರೆಯಾಗಿ ಉಳಿಸಬೇಕು. ಸಂಪಾದಕನು ಊಹಿಸಿ ಪೂರ್ಣಗೊಳಿಸಿದ ರೇಖೆಗಳನ್ನು ತುಂಡುಗೆರೆಯಿಂದ ತೋರಿಸಬೇಕು. ಒಂದು ಅಕ್ಷರವನ್ನು ನಕಲು ಮಾಡಿ ಬೇರೆಡೆ ಕೂರಿಸುವುದನ್ನು ಪೂರ್ಣವಾಗಿ ಬಿಡಬೇಕು. ಯಾಂತ್ರಿಕ ಅನುರೇಖನವನ್ನು ಬಳಸಿದ್ದಲ್ಲಿ ಅದರ ಮೂರು ಮಿತಿಗಳನ್ನು ಫಲಕದ ಕೆಳಗೆ ನಮೂದಿಸಬೇಕು. ಫಾಂಟಿನ ಹೆಸರನ್ನೂ ಆವೃತ್ತಿಯನ್ನೂ ಹಾಗೆಯೇ ಬರೆಯಬೇಕು. ನೋಟೊ ಮೊದಲಾದ, ಹಂಚಲು ಮುಕ್ತವಾದ ಫಾಂಟುಗಳನ್ನು ಬಳಸಿ ಕಡತದೊಡನೆಯೇ ಇಡುವುದು ಶ್ರೇಯಸ್ಕರ. ಅಚ್ಚಿಗೆ ರೇಖೆಯಾಗಿಸಿದ ನಕಲನ್ನು ಕೊಡಲಿ. ಪಾಠಾವಸ್ಥೆಯ ಮೂಲಕಡತವು ಸಂಸ್ಥೆಯ ಭಂಡಾರದಲ್ಲಿ ಪ್ರತಿಯ ಕ್ರಮಾಂಕದೊಡನೆ ಉಳಿಯಲಿ. ಎಲ್ಲಕ್ಕೂ ಮಿಗಿಲಾಗಿ, ಫಲಕದ ಕರಡನ್ನು ಗ್ರಂಥಪಾಠದ ಕರಡಿನಂತೆಯೇ ಅಕ್ಷರ ಅಕ್ಷರವಾಗಿ ಓದಬೇಕು. ಈ ಕೊನೆಯ ಮಾತನ್ನು ನಷ್ಟಪಟ್ಟು ಕಲಿತವನಾಗಿ ಹೇಳುತ್ತಿದ್ದೇನೆ.

ಇಲ್ಲಿ ನಿಕ್ಷೇಪವಿಚಾರವನ್ನು ಅನ್ವಯಿಸಿದ ಕ್ರಮದಲ್ಲಿ ಸ್ಖಾಲಿತ್ಯವಿದ್ದಲ್ಲಿ ಬಲ್ಲವರು ತಿದ್ದಿ ತಿಳಿಸಿದರೆ ಉಪಕೃತನಾಗುವೆನು.